ಕಿರುಪರೀಕ್ಷೆಯ ವೇಗವೂ ಯಂತ್ರದ ಯೋಗ್ಯತೆಯೂ

ಒಂದೇ ಪದ್ಯವನ್ನು ಕಿತ್ತು ತೆಗೆದು ಕಾವ್ಯಕ್ಕೆ ಬೆಲೆಕಟ್ಟುವುದು ಅವಿಚಾರವೆಂದು ಸಾಹಿತ್ಯಜ್ಞರು ಬಲ್ಲರು. ಗಣಕಶಾಸ್ತ್ರದಲ್ಲಿಯಾದರೋ ಕೆಲವೇ ಸಾಲುಗಳ ಪರೀಕ್ಷೆಯೊಂದನ್ನು ಓಡಿಸಿ, ಈ ಕಂಪೈಲರು ವೇಗವುಳ್ಳದ್ದು, ಆ ಡೇಟಾಬೇಸು ಮಂದವಾದುದು ಎಂದು ತೀರ್ಪು ಕೊಡುವ ರೂಢಿ ಇಂದಿಗೂ ನಿಂತಿಲ್ಲ. ಇದು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

ಮನುಷ್ಯನು ಬರೆದ ಆದೇಶಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರು. ಇದನ್ನು ಅಳೆಯಲು 1984ರಲ್ಲಿ ರೈನ್‌ಹೋಲ್ಡ್ ವೈಕರ್ ರಚಿಸಿದ ಡ್ರೈಸ್ಟೋನ್ ಎಂಬ ಪರೀಕ್ಷೆ ಬಹುಕಾಲ ಒರೆಗಲ್ಲಾಗಿತ್ತು. ಆದರೆ ಫಲವು ಮುಂದೆಲ್ಲಿಯೂ ಬಳಕೆಗೆ ಬಾರದ ಲೆಕ್ಕವನ್ನು ಚತುರವಾದ ಕಂಪೈಲರು ಮಾಡದೆಯೇ ಬಿಟ್ಟುಬಿಡುತ್ತದೆ. ಮಾಡದ ಕೆಲಸದ ವೇಗವನ್ನು ಅಳೆಯುವುದೆಂತು? ಈ ದೋಷವನ್ನು ತಗ್ಗಿಸಲೆಂದೇ ವೈಕರರು 1988ರಲ್ಲಿ ಎರಡನೆಯ ಆವೃತ್ತಿಯನ್ನು ಹೊರತಂದರು.

ಡೇಟಾಬೇಸಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಹನೂರು ಸೀಮೆಯ ಶಾಗ್ಯ ಗ್ರಾಮದ ಒಂದು ಸರ್ವೆ ನಂಬರಿನ ಪಹಣಿ ಬೇಕಾದರೆ, ಎಂಜಿನ್ನು ಸೂಚಿಯನ್ನು ಹಿಡಿದು ನೇರವಾಗಿ ಆ ದಾಖಲೆಗೆ ಹೋಗುವುದು ಲೇಸು. ಇಡೀ ತಾಲ್ಲೂಕಿನ ಖುಷ್ಕಿ ಜಮೀನಿನ ಮೊತ್ತ ಬೇಕಾದರೆ, ಸೂಚಿಯನ್ನು ಬಿಟ್ಟು ಕಡತವನ್ನು ಮೊದಲಿಂದ ಕೊನೆಯವರೆಗೆ ಓದುವುದೇ ಲೇಸಾಗಬಹುದು. ಒಂದರಲ್ಲಿ ಗೆದ್ದ ಎಂಜಿನ್ನು ಇನ್ನೊಂದರಲ್ಲಿ ಸೋತರೆ ಆಶ್ಚರ್ಯವಿಲ್ಲ. ಭೂಮಿ ಯೋಜನೆಯಲ್ಲಿ ಗಣಕಕ್ಕೇರಿದ ಪಹಣಿಗಳು ಸುಮಾರು 2 ಕೋಟಿ. ಸಾವಿರ ದಾಖಲೆಗಳ ಕಿರುಪಟ್ಟಿಯಾದರೋ ಗಣಕದ ನೆನಪಿನಲ್ಲಿಯೇ ಅಡಗುವುದರಿಂದ ಅಲ್ಲಿ ಈ ಭೇದವು ಗೋಚರಿಸುವುದೇ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವೀನ್ ರೆಡ್ಡಿ ಮತ್ತು ಜಯಂತ ಹರಿತ್ಸ ಅವರು 2005ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಮಾತಿಗೆ ಬಲವಾದ ಆಧಾರ. ಪ್ರಶ್ನೆ ಒಂದೇ ಆಗಿದ್ದರೂ, ಅದು ಆಯ್ದುಕೊಳ್ಳುವ ದಾಖಲೆಗಳ ಪ್ರಮಾಣ ಬದಲಾದಂತೆಲ್ಲ ಎಂಜಿನ್ನು ಹಿಡಿಯುವ ಮಾರ್ಗವೂ ಬದಲಾಗುವುದನ್ನು ಅವರು ಬಣ್ಣಬಣ್ಣದ ನಕ್ಷೆಗಳಲ್ಲಿ ತೋರಿಸಿದರು. ಕೆಲವು ನಕ್ಷೆಗಳಲ್ಲಿ ಮಾರ್ಗಗಳು ಹತ್ತಾರು. ಅಂದಾಜು ವೆಚ್ಚದಲ್ಲಿ ಶೇಕಡ 20ರಷ್ಟು ಏರಿಕೆಯನ್ನು ಸೈರಿಸಿದರೆ ಸಾಮಾನ್ಯವಾಗಿ ಹತ್ತರಷ್ಟು ಮಾರ್ಗಗಳೇ ಸಾಕೆಂದು 2007ರಲ್ಲಿ ಅದೇ ಬಳಗವು ತಿಳಿಸಿತು. ಆದರೆ ಈ ಸರಳತೆ ಕಂಡುಬಂದದ್ದೂ ನಕ್ಷೆಯನ್ನು ಸಮಗ್ರವಾಗಿ ನೋಡಿದುದರಿಂದಲೇ. ಕಿರುಪರೀಕ್ಷೆಯು ಆ ನಕ್ಷೆಯ ಮೇಲಿನ ಒಂದು ಚುಕ್ಕೆ.

ಹಾಗೆಂದು ಕಿರುಪರೀಕ್ಷೆ ನಿರರ್ಥಕವಲ್ಲ. ಒಂದು ದೋಷದ ನೆಲೆಯನ್ನು ಹುಡುಕುವುದಕ್ಕೆ ಅದು ಯೋಗ್ಯವಾದ ಸಾಧನವೇ ಸರಿ. ಯಾವ ಪ್ರಶ್ನೆ, ಎಷ್ಟು ದಾಖಲೆ, ಯಾವ ಆವೃತ್ತಿ ಎಂಬುದನ್ನು ಹೇಳದೆ ಬರಿಯ ಕ್ಷಣಗಳ ಲೆಕ್ಕವನ್ನು ಮುಂದಿಡುವುದೇ ಆಕ್ಷೇಪಾರ್ಹ. ಅಂಥ ತೀರ್ಪನ್ನು ನಂಬಿ ಕಚೇರಿಯೊಂದು ಯಂತ್ರವನ್ನು ಕೊಂಡರೆ, ತಪ್ಪಿನ ಬೆಲೆಯನ್ನು ತೆರುವವನು ಪರೀಕ್ಷಕನಲ್ಲ. ಪಹಣಿಗಾಗಿ ಕಿಟಕಿಯ ಮುಂದೆ ಕಾದು ನಿಂತ ರೈತ.