ಸ್ಫಿಂಕ್ಸಿನ ಎದೆಯೊಳಗೊಂದು ಅಡಿಗೆಮನೆ

ಲಂಕೇಶರ ‘ದೊರೆ ಈಡಿಪಸ್’ ಓದಿದ ಕನ್ನಡಿಗರಿಗೆ ಸ್ಫಿಂಕ್ಸ್ ಅಪರಿಚಿತಳಲ್ಲ. ಥೀಬ್ಸ್ ನಗರದ ಜನರಿಗೆ ಒಗಟೊಡ್ಡಿ, ಬಿಡಿಸಲಾರದವರನ್ನು ನುಂಗುತ್ತಿದ್ದ ಸಿಂಹದೇಹಿ ಆಕೆ; ಉತ್ತರ ದೊರೆತೊಡನೆ ಆಕೆಯ ಅಂತ್ಯವಾಯಿತು. ಆಕೆಯನ್ನು ನಮ್ಮ ದೇವಾಲಯಗಳ ಪುರುಷಾಮೃಗದೊಡನೆ ಸಮೀಕರಿಸುವುದು ಸುಲಭ, ಆದರೆ ಸಾಧುವಲ್ಲ. ಗ್ರೀಕರ ಸ್ಫಿಂಕ್ಸ್ ಹೆಣ್ಣು. ಆಕೆಯ ಭೀಕರತೆಯ ತಿರುಳೂ ಅಲ್ಲಿಯೇ ಇದೆ.

ಟ್ಯಾರೊ ಎಲೆಗಳು ಹದಿನೈದನೆಯ ಶತಮಾನದ ಇಟಲಿಯಲ್ಲಿ ಆಟಕ್ಕಾಗಿ ಹುಟ್ಟಿದವು. ಅವುಗಳಲ್ಲಿ ಗೂಢಾರ್ಥವನ್ನು ಅರಸುವ ಚಟ ಹದಿನೆಂಟನೆಯ ಶತಮಾನದ ಫ್ರಾನ್ಸಿನಿಂದ ಬೆಳೆಯಿತು. ಮಾರ್ಸೇಯ್ ಎಲೆಗಳ ರಥಕ್ಕೆ ಕುದುರೆಗಳಿದ್ದವು. 1909ರ ರೈಡರ್ ಕಟ್ಟಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಅಲ್ಲಿ ಎರಡು ಸ್ಫಿಂಕ್ಸ್‌ಗಳನ್ನು ಚಿತ್ರಿಸಿದಳು. ಒಗಟಿನ ಒಡತಿ ಹೀಗೆ ವಾಹನವಾದಳು. 1986ರ ‘ಮಿಥಿಕ್ ಟ್ಯಾರೊ’ ಎಲೆಗೊಬ್ಬರಂತೆ ಗ್ರೀಕ್ ಪಾತ್ರಗಳನ್ನು ಹಂಚಿತು: ಮೂಢನಿಗೆ ಡಯೋನೈಸಸ್, ಮಹಾರಾಣಿಗೆ ಡಿಮಿಟರ್, ತೂಗುಹಾಕಲ್ಪಟ್ಟವನಿಗೆ ಪ್ರೊಮೀಥಿಯಸ್. ಖಾತೆಗಳೇನೋ ತಾಳೆಯಾದವು, ಪುರಾಣ ಮಾತ್ರ ಕದಲಲಿಲ್ಲ.

ಅದನ್ನು ಕದಲಿಸಿದವಳು ನಿಕಿ ದ ಸ್ಯಾಂ ಫಾಲ್ (1930–2002). ಇಟಲಿಯ ಟಸ್ಕನಿ ಪ್ರಾಂತದ ಗರವಿಕ್ಕಿಯೊದಲ್ಲಿ ಟ್ಯಾರೊದ 22 ಪ್ರಧಾನ ಎಲೆಗಳನ್ನು ಆಕೆ ಉಕ್ಕು, ಸಿಮೆಂಟು, ಪಿಂಗಾಣಿ, ಕನ್ನಡಿ ಚೂರುಗಳಲ್ಲಿ ಶಿಲ್ಪವಾಗಿಸಿದಳು. ಎರಡು ದಶಕಗಳ ದುಡಿಮೆಯ ಬಳಿಕ, 1998ರಲ್ಲಿ, ಆ ಉದ್ಯಾನ ಜನರಿಗೆ ತೆರೆಯಿತು. ಮೂರನೆಯ ಎಲೆಯಾದ ಮಹಾರಾಣಿ ಅಲ್ಲಿ ಸ್ಫಿಂಕ್ಸಿನ ರೂಪದಲ್ಲಿ ಕುಳಿತಿದ್ದಾಳೆ. 1980ರ ದಶಕದಲ್ಲಿ ನಿಕಿ ಹಲವು ವರ್ಷ ವಾಸಿಸಿದ್ದು ಈ ಶಿಲ್ಪದೊಳಗೇ: ಒಂದು ಸ್ತನದಲ್ಲಿ ಮಲಗುವ ಕೋಣೆ, ಇನ್ನೊಂದರಲ್ಲಿ ಅಡಿಗೆಮನೆ. ಕೆಲಸಗಾರರು ಕಾಫಿಗೆ ಸೇರುತ್ತಿದ್ದುದೂ ಇಲ್ಲಿಯೇ. ನರಭಕ್ಷಕಿಯ ಎದೆಯಲ್ಲಿ ಒಲೆ ಹೊತ್ತಿತು!

ಇದನ್ನು ಕೇವಲ ವಿನೋದವೆನ್ನಲಾಗದು. ಹನ್ನೊಂದರ ವಯಸ್ಸಿನಲ್ಲಿ ಸ್ವಂತ ತಂದೆಯಿಂದಲೇ ತಾನು ಲೈಂಗಿಕ ದೌರ್ಜನ್ಯಕ್ಕೊಳಗಾದುದನ್ನು ನಿಕಿ 1994ರ ‘ಮೋ ಸಕ್ರೆ’ ಎಂಬ ಪುಸ್ತಕದಲ್ಲಿ ಬಯಲುಮಾಡಿದಳು. ಈಡಿಪಸನ ಕಥೆಯಲ್ಲಿ ಸ್ಫಿಂಕ್ಸ್ ಊರ ಹೊರಗಿನ ಕೇಡು. ನಿಜವಾದ ಕೇಡು ಅರಮನೆಯೊಳಗಿತ್ತು. ಮನೆಯೇ ಭಯವಾಗಿದ್ದ ಹೆಣ್ಣಿಗೆ ಮೃಗದ ಒಡಲೇ ಮನೆಯಾದುದು ಈ ಕಥೆಯ ಅತಿ ಕಟುವಾದ ವ್ಯಾಖ್ಯಾನ. ಕಲಾವಿದೆಯ ಬಾಳನ್ನರಿಯದವನಿಗೂ ಒಳಹೊಕ್ಕಾಗ ಅದು ತಟ್ಟೀತೇ ಎಂಬ ಆಕ್ಷೇಪ ನ್ಯಾಯವಾದುದು. ಹೊರಗಿನ ಬಣ್ಣಗಳ ಸಡಗರ ಆಟಿಕೆಗೆ ಸಮೀಪವಾದುದು. ಅಲ್ಲಿ ಭಯ ಕಾಣದು. ಒಳಗಿನ ಕನ್ನಡಿಗಳ ಮಾತು ಬೇರೆ. ಪ್ರವೇಶಿಸಿದವನ ಮುಖ ನೂರಾರು ಚೂರಾಗಿ ಗೋಡೆಯ ತುಂಬ ಹರಡುತ್ತದೆ. ‘ಮನುಷ್ಯ’ ಎಂಬ ಒಂದೇ ಪದದಿಂದ ಈಡಿಪಸ್ ಮುಗಿಸಿದ ಒಗಟು ಇಲ್ಲಿ ಅಷ್ಟು ಬೇಗ ಮುಗಿಯದು.

ಉದ್ಯಾನದಲ್ಲಿ ಮಾರ್ಗದರ್ಶಕರ ವಿವರಣೆ ಕೂಡದೆಂಬುದು ನಿಕಿಯೇ ವಿಧಿಸಿದ ನಿಯಮ.