ಎರೆನಾಡಿನ ಮನೆಗಳಲ್ಲಿ ಕುಂಡದ ಬೇಸಾಯ

ಕುಂಡಗಳಲ್ಲಿ ಹೂವು, ಕಾಯಿಪಲ್ಯ ಬೆಳೆಯುವ ಹವ್ಯಾಸಕ್ಕೆ ಸಂಬಂಧಿಸಿ ಪ್ರಚಾರದಲ್ಲಿರುವ ಸಲಹೆಗಳಲ್ಲಿ ಹೆಚ್ಚಿನವು ಕೆಂಪು ಮಣ್ಣಿನ, ತಂಪು ಹವೆಯ ಊರುಗಳ ಅನುಭವದಿಂದ ಹುಟ್ಟಿದವು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಅವುಗಳನ್ನು ಹಾಗೆಯೇ ಪಾಲಿಸಿದರೆ ದೀಪಾವಳಿಗೆ ಅರಳಿ ನಿಂತ ಕುಂಡಗಳು ಯುಗಾದಿಯ ಹೊತ್ತಿಗೆ ಬರಿದಾಗುವುದೇ ಹೆಚ್ಚು. ಇದಕ್ಕೆ ಬೆಳೆಯುವವರ ಆಲಸ್ಯಕ್ಕಿಂತ ಹೆಚ್ಚಾಗಿ ಒಂದು ತಪ್ಪು ತಿಳಿವಳಿಕೆ ಕಾರಣವಾಗಿದ್ದು, ಕುಂಡವನ್ನು ಹೊಲದ ಕಿರಿಯ ರೂಪವೆಂದು ಭಾವಿಸುವುದೇ ಆ ತಪ್ಪು.

ಕಪ್ಪು ಬಸಾಲ್ಟ್ ಶಿಲೆ ಸವೆದು ಉಂಟಾದ ಎರೆಮಣ್ಣು ಈ ಸೀಮೆಯ ಒಕ್ಕಲುತನಕ್ಕೆ ಆಧಾರವಾಗಿದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ, ಅದರಲ್ಲೂ ಸೆಪ್ಟೆಂಬರ್ ತಿಂಗಳಲ್ಲೇ ಹೆಚ್ಚು ಸುರಿಯುವ ಈ ಭಾಗದಲ್ಲಿ, ಆಳವಾದ ಎರೆಯ ಹೊಲವು ಆ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಮುಂದೆ ಮಳೆ ಬಾರದಿದ್ದರೂ ಹಿಂಗಾರಿ ಜೋಳವನ್ನು ತೆನೆಗೆ ತರುತ್ತದೆ. ಇಂಥ ನೆಲದಲ್ಲಿ ತೇವವನ್ನು ಕಾಯುವ ವಿಧಾನಗಳನ್ನು ಅಭ್ಯಸಿಸಲೆಂದೇ 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು.

ಆದರೆ ಹೊಲದಲ್ಲಿ ವರವಾಗಿರುವ ಈ ಗುಣ ಕುಂಡದಲ್ಲಿ ದೋಷವಾಗಿ ಪರಿಣಮಿಸುತ್ತದೆ. ಎರೆಮಣ್ಣಿನ ಜೇಡಿಕಣಗಳು ನೀರುಂಡಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಬೇಸಿಗೆಯ ಹೊಲ ಬಾಯಿ ಬಿಡುತ್ತದೆ. ಕುಂಡದಲ್ಲಾದರೆ ಅದೇ ಮಣ್ಣು ಅಂಚಿನಿಂದ ಸರಿದು ಗೋಡೆಗೂ ತನಗೂ ನಡುವೆ ಸಂದು ಬಿಡುತ್ತದೆ. ಮೇಲೆ ಹಾಕಿದ ನೀರು ಬೇರನ್ನು ಮುಟ್ಟದೆ ಆ ಸಂದಿನಿಂದಿಳಿದು ತಳದ ತೂತಿನಲ್ಲಿ ಹರಿದುಹೋಗುತ್ತದೆ. ಕೆಳಗೆ ನೀರು ಬಂದುದನ್ನು ಕಂಡು ಗಿಡಕ್ಕೆ ಸಾಕಾಯಿತೆಂದು ತಿಳಿಯುವುದು ಸಾಮಾನ್ಯವಾದರೂ ಒಳಗಿನ ಹೆಂಟೆ ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ಇದರ ವಿರುದ್ಧ ಸ್ಥಿತಿ ಒದಗಿ, ಉಬ್ಬಿದ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ.

ಇದಕ್ಕೆ ಪರಿಹಾರವೆಂದು ತಳದಲ್ಲಿ ಜಲ್ಲಿ ಅಥವಾ ಹೆಂಚಿನ ಚೂರುಗಳನ್ನು ದಪ್ಪವಾಗಿ ಹಾಸುವ ರೂಢಿ ಎಲ್ಲೆಡೆ ಇದೆಯಾದರೂ ಅದರಿಂದ ಉದ್ದೇಶ ಈಡೇರುವುದಿಲ್ಲ. ಸೂಕ್ಷ್ಮ ರಂಧ್ರಗಳಿರುವ ಮಣ್ಣು ನೀರಿನಿಂದ ಪೂರ್ಣ ತುಂಬಿದ ಹೊರತು ಕೆಳಗಿನ ದಪ್ಪ ಕಣಗಳಿಗೆ ಅದನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ, ಪ್ರತಿ ಕುಂಡದ ಮಣ್ಣಿನ ಕೆಳತುದಿಯಲ್ಲಿ ಸದಾ ಹಸಿಯಾಗಿರುವ ಪದರವೊಂದು ಉಳಿಯುತ್ತದೆ. ಮಣ್ಣುವಿಜ್ಞಾನದಲ್ಲಿ ಇದಕ್ಕೆ ತೂಗುಜಲಮಟ್ಟ ಎನ್ನಬಹುದು. ಈ ಪದರದ ಎತ್ತರವನ್ನು ಮಣ್ಣಿನ ಸ್ವಭಾವ ನಿರ್ಧರಿಸುತ್ತದೆಯೇ ಹೊರತು ಕುಂಡದ ಆಕಾರವಲ್ಲ. ಆದಕಾರಣ ಜಲ್ಲಿ ಹಾಸಿದಾಗ ಆ ಹಸಿ ಪದರವೇ ಮೇಲಕ್ಕೇರಿ ಬೇರಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ, ಅಗಲ ಕುಂಡಕ್ಕಿಂತ ಎತ್ತರದ ಕುಂಡದಲ್ಲಿ ಬೇರು ಹೆಚ್ಚು ಆರೋಗ್ಯವಾಗಿರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

ಸರಿಪಡಿಸಬೇಕಾದುದು ಮಣ್ಣಿನ ಮಿಶ್ರಣವನ್ನೇ. ಎರೆಮಣ್ಣಿಗೆ ಹಿಡಿ ಮರಳು ಬೆರೆಸಿದಾಕ್ಷಣ ಅದು ಸಡಿಲಗೊಳ್ಳುವುದಿಲ್ಲ. ಮಿಶ್ರಣದಲ್ಲಿ ಎರೆಗಿಂತ ದಪ್ಪ ಕಣಗಳೇ ಹೆಚ್ಚಿರಬೇಕು. ಸಾಣಿಸಿದ ಗರಸು ಅಥವಾ ಇಟ್ಟಿಗೆಯ ಸಣ್ಣ ಚೂರು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಎರಡು ಪಾಲು, ಎರೆಮಣ್ಣು ಒಂದು ಪಾಲು ಎಂಬ ಲೆಕ್ಕ ಈ ಸೀಮೆಗೆ ಒಗ್ಗುತ್ತದೆ. ಎರೆಯನ್ನು ಪೂರ್ತಿ ಬಿಡಬಾರದೇಕೆಂದರೆ ಗೊಬ್ಬರದ ಸಾರವನ್ನು ನೀರಿನೊಂದಿಗೆ ಹರಿದುಹೋಗದಂತೆ ಹಿಡಿದಿಡುವ ಶಕ್ತಿ ಅದರ ಜೇಡಿಗೆ ಇದೆ. ಕುರಿಗೊಬ್ಬರ ಸತ್ವಶಾಲಿಯಾದರೂ ಉಪ್ಪಿನಂಶ ಹೆಚ್ಚಿರುವುದರಿಂದ ಅದನ್ನು ಹಳೆಯದಾಗಿಸಿ, ಮಿತವಾಗಿ ಬಳಸುವುದು ಒಳ್ಳೆಯದು.

ಉಪ್ಪಿನ ಪ್ರಶ್ನೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕಾಗುತ್ತದೆ. ಈ ಭಾಗದ ಅನೇಕ ಕೊಳವೆಬಾವಿಗಳದು ಸವಳು ನೀರು. ಕುಂಡದಿಂದ ನೀರು ಆವಿಯಾದರೂ ಉಪ್ಪು ಅಲ್ಲಿಯೇ ಉಳಿದು, ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪೊರೆಯಾಗಿ, ಎಲೆಯ ಅಂಚಿನಲ್ಲಿ ಸುಟ್ಟ ಗುರುತಾಗಿ ಕಾಣಿಸಿಕೊಳ್ಳುತ್ತದೆ. ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಈ ತೊಂದರೆ ಹೊಸದಲ್ಲ. ಉಪ್ಪನ್ನೂ ಬರವನ್ನೂ ತಾಳುವ ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಬೇಕಾದ ತಳಿಯನ್ನು ಕಸಿಮಾಡುವ ಕ್ರಮ ದ್ರಾಕ್ಷಿ ಬೇಸಾಯದಲ್ಲಿ ನೆಲೆಯೂರಿದೆ. ಕುಂಡದ ಬೆಳೆಗಾರನಿಗೆ ಗಿಡದ ಆಯ್ಕೆಯೇ ಮೊದಲ ದಾರಿ. ಹುರುಳಿಕಾಯಿ, ಗಜ್ಜರಿ, ಉಳ್ಳಾಗಡ್ಡಿಗಳು ಉಪ್ಪಿಗೆ ಬೇಗ ಸೋಲುತ್ತವೆ, ಟೊಮೆಟೊ ಮತ್ತು ಪಾಲಕ ಒಂದು ಮಟ್ಟಿಗೆ ತಾಳುತ್ತವೆ, ಬೀಟ್‌ರೂಟ್ ಇನ್ನೂ ಹೆಚ್ಚು ಸಹಿಸುತ್ತದೆ. ಮಾಳಿಗೆಯ ಮಳೆನೀರನ್ನು ಸಂಗ್ರಹಿಸಿ, ಕೆಲವು ವಾರಗಳಿಗೊಮ್ಮೆ ಕುಂಡ ತುಂಬಿ ಹರಿಯುವಂತೆ ಹಾಕಿದರೆ ಕೂಡಿದ ಉಪ್ಪು ತೊಳೆದುಹೋಗುತ್ತದೆ.

ದಾಸವಾಳ, ಗುಲಾಬಿಗಳ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದು ಈ ಸೀಮೆಯಲ್ಲಿ ಕಾಣುವ ಇನ್ನೊಂದು ಬಾಧೆ. ಸುಣ್ಣದಂಶವಿರುವ ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣವು ಇದ್ದರೂ ಬೇರಿಗೆ ದಕ್ಕದಿರುವುದೇ ಇದರ ಕಾರಣವಾದ್ದರಿಂದ ಗೊಬ್ಬರ ಹೆಚ್ಚಿಸಿ ಪ್ರಯೋಜನವಿಲ್ಲ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, ಎಂದರೆ ಫೆರಸ್ ಸಲ್ಫೇಟ್, ಕರಗಿಸಿ, ಸ್ವಲ್ಪ ಲಿಂಬೆರಸ ಸೇರಿಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ.

ನೀರು ಉಳಿಸುವ ವಿಧಾನಗಳಲ್ಲಿ ಬಹಳ ಹಳೆಯದೂ ಈ ಹವೆಗೆ ಎಲ್ಲಕ್ಕಿಂತ ತಕ್ಕುದೂ ಆದದ್ದು ಗಡಿಗೆ ನೀರಾವರಿ. ಮೆರುಗು ಬಳಿಯದ ಮಣ್ಣಿನ ಮಗಿಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿದರೆ, ಸುತ್ತಲಿನ ಮಣ್ಣು ಒಣಗಿದಂತೆಲ್ಲ ಮಗಿಯ ರಂಧ್ರಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ, ತೇವವಾದಂತೆ ಆ ಎಳೆತ ತಾನಾಗಿ ತಗ್ಗುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿಗ್ರಂಥವೊಂದರಲ್ಲಿ ವರ್ಣಿತವಾಗಿರುವ ಈ ಕ್ರಮವನ್ನು ಹರಿಯಾಣದ ಕರ್ನಾಲಿನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ಪ್ರಯೋಗಕ್ಕೊಳಪಡಿಸಿತು. ಮಗಿಯ ಸುತ್ತಲಿನ ತೇವ ಒಂದೇ ಮಟ್ಟದಲ್ಲಿರುವುದರಿಂದ ಸವಳು ನೀರನ್ನೂ ಈ ಬಗೆಯಲ್ಲಿ ಒಂದಿಷ್ಟು ಬಳಸಬಹುದು. ದೊಡ್ಡ ತೊಟ್ಟಿಯಲ್ಲಿ ಒಂದು ಮಗಿ ಹೂತು ಸುತ್ತ ಮೂರು ಮುಳಗಾಯಿ ಸಸಿ ನೆಟ್ಟು, ಮೇಲೆ ಶೇಂಗಾ ಹೊಟ್ಟು ಅಥವಾ ಕಬ್ಬಿನ ರವದಿ ಹೊದಿಸುವುದು ಕುಂಡದೊಳಗಿನ ಒಣಬೇಸಾಯವೇ ಸರಿ.

ಕಾಲದ ಆಯ್ಕೆಯಲ್ಲಿ ಹೊಲದ ಪಂಚಾಂಗವನ್ನು ಅನುಸರಿಸಿದವರಿಗೆ ನಷ್ಟವಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಇಲ್ಲಿ ಸೊಪ್ಪಿನ ಸುಗ್ಗಿ. ಒಂದು ಗೇಣು ಆಳದ ತೊಟ್ಟಿಯಲ್ಲಿ ಮೆಂತ್ಯೆಯನ್ನು ಒತ್ತಾಗಿ ಬಿತ್ತಿದರೆ ನಾಲ್ಕು ವಾರಗಳೊಳಗೆ ಕೀಳಬಹುದು. ಹಕ್ಕರಕಿಯನ್ನು ಬೆಳಗಿನ ತಂಪಿನಲ್ಲಿ ಚಿವುಟಿ ಹಸಿಯಾಗಿಯೇ ಜೋಳದ ರೊಟ್ಟಿಯೊಂದಿಗೆ ತಿನ್ನುವಾಗ ಪೇಟೆಯಿಂದ ತಂದ ಸಿವುಡಿಗೂ ಮನೆಯ ಕುಂಡದ ಎಲೆಗೂ ಇರುವ ಅಂತರ ನಾಲಗೆಗೆ ತಿಳಿಯುತ್ತದೆ. ಪುಂಡಿ, ರಾಜಗಿರಿ, ಚವಳಿಕಾಯಿ ಬಿಸಿಲನ್ನು ತಾಳುವುದರಿಂದ ಅವುಗಳನ್ನು ಉಳಿದ ಕಾಲಕ್ಕೆ ಇಟ್ಟುಕೊಳ್ಳಬಹುದು.

ಹೂವುಗಳಲ್ಲಿ ಸೇವಂತಿಗೆಯ ಸ್ವಭಾವ ಬೇರೆಯದು. ರಾತ್ರಿ ದೀರ್ಘವಾಗುವುದನ್ನು ಗುರುತಿಸಿ ಮೊಗ್ಗು ಕಟ್ಟುವ ಈ ಗಿಡವನ್ನು ಬೀದಿದೀಪದ ಬೆಳಕು ಬೀಳುವ ಕಟ್ಟೆಯ ಮೇಲಿಟ್ಟರೆ ಅದಕ್ಕೆ ರಾತ್ರಿಯ ಅಳತೆ ಸಿಗದೆ, ಸೊಂಪಾಗಿ ಎಲೆ ಬಿಟ್ಟರೂ ಹೂ ತಡವಾಗುತ್ತದೆ. ದುಂಡುಮಲ್ಲಿಗೆಗೆ ಚಳಿಗಾಲದ ಆರಂಭದಲ್ಲಿ ನೀರು ತಗ್ಗಿಸಿ, ಕೊಂಬೆ ಸವರಿ, ಗೊಬ್ಬರ ಕೊಟ್ಟರೆ ಬೇಸಿಗೆಯಲ್ಲಿ ಮೊಗ್ಗು ತುಂಬುತ್ತದೆ. ಮಣ್ಣಿನ ಹಳೆಯ ಮಾಳಿಗೆಗಳಿರುವ ಮನೆಗಳಲ್ಲಿ ಮಾತ್ರ ಕುಂಡಗಳನ್ನು ಮೇಲೇರಿಸದೆ ಅಂಗಳದಲ್ಲೇ ಇಡಬೇಕು. ನೀರುಂಡ ಕುಂಡವೊಂದು 20 ಕಿಲೋಗ್ರಾಂ ಮೀರುವುದುಂಟು, ದಿನವೂ ಸೋರುವ ನೀರು ತೊಲೆಗಳಿಗೂ ಜಂತಿಗಳಿಗೂ ಕೇಡು.

ಇಷ್ಟಾದ ಮೇಲೆ ಉಳಿಯುವುದು ಎಷ್ಟು ಕುಂಡಗಳಿರಬೇಕೆಂಬ ಪ್ರಶ್ನೆ. 30 ಸೆಂ.ಮೀ. ಬಾಯಿಯ ಕುಂಡದ ಮೇಲೆ 5 ಮಿ.ಮೀ. ಮಳೆ ಬಿದ್ದರೆ ಅದಕ್ಕೆ ದೊರೆಯುವುದು ಲೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರವಾಗಿರುವುದರಿಂದ ತುಂತುರು ಮಳೆಯ ದಿನವೂ ಕುಂಡಕ್ಕೆ ನೀರು ಬೇಕಾಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಕಾಯಿ ಬಿಡುವ ಗಿಡಕ್ಕೆ ದಿನವೊಂದಕ್ಕೆ ಒಂದರಿಂದ ಒಂದೂವರೆ ಲೀಟರು ಹಿಡಿಯುತ್ತದೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ದಿನಕ್ಕೆ 20 ಲೀಟರು ಉಳಿಯುವ ಮನೆಯು ಸುಮಾರು ಹದಿನೈದು ಕುಂಡಗಳನ್ನು ಬೇಸಿಗೆ ದಾಟಿಸಬಲ್ಲದು. ಸೆಪ್ಟೆಂಬರಿನ ಮಳೆಯ ಉತ್ಸಾಹದಲ್ಲಿ ನಲವತ್ತು ಕುಂಡ ಹೂಡುವವರು ಈ ಲೆಕ್ಕವನ್ನು ಮೊದಲೇ ಮಾಡಿ, ಹದಿನೈದರಲ್ಲಿ ಮಲ್ಲಿಗೆ, ದಾಸವಾಳಗಳಂಥ ವರ್ಷಗಟ್ಟಲೆ ಬಾಳುವ ಗಿಡಗಳನ್ನಿಟ್ಟು, ಉಳಿದವುಗಳಲ್ಲಿ ಫೆಬ್ರವರಿಗೆ ಮುಗಿಯುವ ಸೊಪ್ಪು ಬಿತ್ತಿ, ಬೇಸಿಗೆಯಲ್ಲಿ ಆ ಕುಂಡಗಳ ಮಣ್ಣನ್ನು ಬಿಸಿಲಿಗೆ ಹರಡಿ ಮುಂದಿನ ಮಳೆಗಾಲಕ್ಕೆ ಸಿದ್ಧಪಡಿಸಿಕೊಂಡರೆ, ಇದ್ದಷ್ಟು ನೀರಿನಲ್ಲಿಯೇ ತೋಟ ವರ್ಷವಿಡೀ ನಡೆಯುತ್ತದೆ.