ಷಟ್ಪದಿಯ ತಾಳ, ವಚನದ ಲಯ: ಪುಟ್ಟರಾಜ ಗವಾಯಿಗಳ ಸಂಗೀತಮಾರ್ಗ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳನ್ನು (1914–2010) ಕುರಿತ ಬರಹಗಳಲ್ಲಿ ಬಹುಪಾಲು ಸ್ತುತಿರೂಪವಾದವು. ಅಂಧರಿಗೂ ಅನಾಥರಿಗೂ ಅವರು ಅನ್ನವಿದ್ಯೆಗಳನ್ನಿತ್ತುದು, ಭಕ್ತರು ನೆರವೇರಿಸಿದ ತುಲಾಭಾರಗಳು, 2010ರಲ್ಲಿ ಸಂದ ಪದ್ಮಭೂಷಣ, ಇವುಗಳ ವರ್ಣನೆಯಲ್ಲಿಯೇ ಲೇಖನಿ ದಣಿದು ಸಂಗೀತದ ಮಾತಿಗೆ ಎಡೆ ಉಳಿಯುವುದಿಲ್ಲ. ಸ್ತುತಿಯು ತಪ್ಪಲ್ಲ, ಆದರೆ ಪದ್ಯವನ್ನು ರಚಿಸಿ ಅದಕ್ಕೆ ಮಟ್ಟನ್ನೂ ಕಟ್ಟಬಲ್ಲ ವಾಗ್ಗೇಯಕಾರರು ಅವರೆಂಬುದನ್ನು ಮರೆಯಿಸುವ ಸ್ತುತಿ ನ್ಯಾಯವೆನಿಸದು.

ಈ ಸಂಗೀತದ ಬೇರು ಬಾದಾಮಿಯ ಸೀಮೆಯಲ್ಲಿದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ತಡಿಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರವು ವಟುಗಳ ಸಾಧನೆಗೆಂದು ಏರ್ಪಟ್ಟುದಾದರೂ ಸಂಗೀತವನ್ನು ಹೊರಗಿಡಲಿಲ್ಲ. ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಅಭ್ಯಸಿಸಿದರು. ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರಿಗೆ ಆ ಎರಡು ಪದ್ಧತಿಗಳೂ ಗುರುಮುಖದಿಂದ ದೊರೆತವು. ಹಾರ್ಮೋನಿಯಂ, ತಬಲಾ, ಪಿಟೀಲುಗಳಲ್ಲಿ ಅವರ ಕೈ ಪಳಗಿತ್ತು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಕಾವ್ಯ ರಚಿಸಿದರು. ಗುರುಗಳ ತರುವಾಯ ಪುಣ್ಯಾಶ್ರಮದ ಹೊಣೆಯನ್ನು ಹೊತ್ತರು.

ಬಾಗಲಕೋಟೆ, ಹುನಗುಂದ, ಇಳಕಲ್ಲಗಳ ಮಠಗಳಲ್ಲಿ ಶ್ರಾವಣಮಾಸದ ಪುರಾಣಪ್ರವಚನವನ್ನು ಕೇಳಿದವರಿಗೆ ಈ ಪರಂಪರೆ ಅಪರಿಚಿತವಲ್ಲ. ಶಾಸ್ತ್ರಿಗಳು ಅರ್ಥ ಹೇಳುವರು, ಗವಾಯಿಗಳು ಪದ್ಯ ಹಾಡುವರು, ಪಕ್ಕದಲ್ಲಿ ತಬಲಾ. ಹಾಡುವವರೂ ನುಡಿಸುವವರೂ ಪುಣ್ಯಾಶ್ರಮದಲ್ಲಿ ಕಲಿತವರಾಗಿರುವುದು ಉತ್ತರ ಕರ್ನಾಟಕದಲ್ಲಿ ವಾಡಿಕೆಯ ಸಂಗತಿ. ಸಂಗೀತವಿಮರ್ಶಕರು ಇದನ್ನು ಕಛೇರಿಯೆಂದು ಗಣಿಸುವುದಿಲ್ಲ. ಆದರೆ ಶಾಸ್ತ್ರದ ಕಠಿಣವಾದ ಲೆಕ್ಕವೊಂದು ಇಲ್ಲಿಯೇ ನಡೆಯುತ್ತದೆ. ಭಾಮಿನಿಯ ಮೊದಲ ಸಾಲಿನಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಹೀಗೆ 14 ಮಾತ್ರೆಗಳು. 7 ಮಾತ್ರೆಗಳ ರೂಪಕದ ಎರಡು ಆವರ್ತನಗಳಿಗೆ ಸರಿ. ಮೂರನೆಯ ಸಾಲು ಹಾಗಲ್ಲ. 21 ಮಾತ್ರೆಗಳು ಮುಗಿದ ಮೇಲೆ ಗುರುವೊಂದು ಉಳಿಯುತ್ತದೆ. ನಾಲ್ಕನೆಯ ಆವರ್ತನದಲ್ಲಿ ಐದು ಮಾತ್ರೆಗಳು ಬರಿದು. ಆ ಬರಿದನ್ನು ಎಳೆದು ತುಂಬುವುದೋ, ಆಲಾಪದ ಎಳೆಯೊಂದನ್ನು ಹಾಯಿಸುವುದೋ, ತಬಲೆಗೆ ಬಿಟ್ಟುಕೊಟ್ಟು ಮೌನವಾಗುವುದೋ ಎಂಬ ನಿರ್ಣಯವೇ ಮಟ್ಟು ಕಟ್ಟುವವನ ವಿವೇಕ. ವಾರ್ಧಕದಲ್ಲಿಯಾದರೋ ಐದರ ಗಣಗಳು ಝಪತಾಲವನ್ನು ಬಯಸುತ್ತವೆ. ಕವಿಯೂ ಗಾಯಕರೂ ಒಬ್ಬರೇ ಆದಲ್ಲಿ ಅಕ್ಷರವನ್ನು ಬರೆಯುವಾಗಲೇ ಅದರ ಸ್ವರವೂ ಕಿವಿಯಲ್ಲಿರುತ್ತದೆ. ಪುಟ್ಟರಾಜರ ಪುರಾಣಪದ್ಯಗಳು ಓದುವುದಕ್ಕಿಂತ ಹಾಡುವಲ್ಲಿ ಹೆಚ್ಚು ಬೆಳಗುವುದಕ್ಕೆ ಇದೇ ಕಾರಣ. ಓದುಗಬ್ಬವೆಂದು ಅವನ್ನು ಅಳೆದು ಸಾಮಾನ್ಯವೆಂದವರು ಅಳತೆಗೋಲನ್ನೇ ಬದಲಿಸಬೇಕು.

ಆಶ್ರಮದ ನಿರ್ವಾಹಕ್ಕೆಂದು ಅವರು ನಾಟಕಗಳನ್ನು ಬರೆದು ಕಂಪನಿಯನ್ನೂ ನಡೆಸಿದರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ಕಂಪನಿಗಳ ಆಟವನ್ನು ನೋಡಿದವರು ರಂಗಗೀತೆಯ ಧರ್ಮವನ್ನು ಬಲ್ಲರು: ಮೊದಲ ಸಾಲು ಹಿಂದಿನ ಸಾಲಿನ ಪ್ರೇಕ್ಷಕನನ್ನು ತಟ್ಟನೆ ಹಿಡಿಯಬೇಕು, ಮತ್ತೆ ಮತ್ತೆ ಮರಳಬೇಕು. ರಂಗದಲ್ಲಿ ಇದು ಗುಣ.

ವಚನದಲ್ಲಿ ಇದೇ ದೋಷವಾಗಬಲ್ಲುದು. ಈ ಪರಂಪರೆಯ ವಚನಗಾಯನವನ್ನು ಕುರಿತು ಎತ್ತಬೇಕಾದ ಆಕ್ಷೇಪ ಇಲ್ಲಿದೆ. ವಚನಕ್ಕೆ ಗಣನಿಯಮವಿಲ್ಲ, ಅದರ ಲಯವು ವಾಕ್ಯದ ಲಯ, ವಿಚಾರದ ಏರಿಕೆಯ ಲಯ. ಬಸವಣ್ಣನವರ ವಚನಗಳಲ್ಲಿ ಮಾತು ಮೆಟ್ಟಿಲು ಮೆಟ್ಟಿಲಾಗಿ ಏರಿ ಕೂಡಲಸಂಗಮದೇವನೆಂಬ ಅಂಕಿತದಲ್ಲಿ ನೆಲೆ ನಿಲ್ಲುತ್ತದೆ. ಅಂಕಿತವು ಅಲಂಕಾರವಲ್ಲ, ವಾಕ್ಯದ ಗಮ್ಯ. ಮೊದಲ ಸಾಲನ್ನು ಪಲ್ಲವಿಯಾಗಿಸಿ ಪ್ರತಿ ನುಡಿಯ ಕೊನೆಗೂ ಅದಕ್ಕೇ ಮರಳಿದರೆ, ಹತ್ತಿದ ಮೆಟ್ಟಿಲನ್ನು ಪ್ರತಿ ಸಲವೂ ಇಳಿದಂತಾಯಿತು. ಅಂಕಿತವು ಬರುವಷ್ಟರಲ್ಲಿ ಕೇಳುಗನ ಕಿವಿಯಲ್ಲಿ ಉಳಿದಿರುವುದು ಪಲ್ಲವಿಯೇ. ಪುಣ್ಯಾಶ್ರಮದ ಗವಾಯಿಗಳಲ್ಲಿ ಅನೇಕರು ಈ ರೂಢಿಯಿಂದ ಬಿಡಿಸಿಕೊಂಡಿಲ್ಲ. ಮಾತನ್ನು ಹಿಂದಿಕ್ಕಿ ಹಾರ್ಮೋನಿಯಂ ಮುಂದೆ ನಡೆಯುವುದೂ ಉಂಟು.

ಆದರೂ ಅದೇ ಗುರುಕುಲದಲ್ಲಿ ದೀರ್ಘಕಾಲ ಕಲಿತ ಪಂಡಿತ ಎಂ. ವೆಂಕಟೇಶಕುಮಾರರು ವಚನವನ್ನು ಎತ್ತಿಕೊಂಡಾಗ ಶಬ್ದವು ಸ್ವರದಲ್ಲಿ ಕರಗಿಹೋಗುವುದಿಲ್ಲ. ಅರ್ಥದ ಒತ್ತು ಇರುವೆಡೆಯಲ್ಲಿ ಕಂಠವೂ ಒತ್ತುತ್ತದೆ. ದೋಷವು ಪರಂಪರೆಯದಲ್ಲ, ಅಭ್ಯಾಸಬಲದ್ದು ಎನ್ನಲು ಇಷ್ಟು ಸಾಕು.

ಪುರಾಣದ ವೇದಿಕೆಗೂ ಈಗ ಚಲನಚಿತ್ರದ ಮಟ್ಟುಗಳು ಬಂದಿವೆ. ಭಾಮಿನಿಯ ಏಳನ್ನು ಎಂಟಕ್ಕೆ ಹಿಗ್ಗಿಸಿ ಕೆಹರವಾದಲ್ಲಿ ಕೂಡಿಸುವವರಿದ್ದಾರೆ. ಹಳೆಯ ಮಟ್ಟನ್ನು ಬಲ್ಲ ಗವಾಯಿಗಳಿಗೆ ವಯಸ್ಸಾಗಿದೆ. ಅವರಿಂದ ಹಾಡಿಸಿ ಧ್ವನಿಮುದ್ರಿಸುವಾಗ ರಾಗತಾಳಗಳ ಜೊತೆಗೆ, ಯಾವ ಮಟ್ಟು ಪಂಚಾಕ್ಷರಿ ಗವಾಯಿಗಳದು, ಯಾವುದು ಪುಟ್ಟರಾಜರದು, ಯಾವುದು ಅವರಿಗಿಂತ ಹಿಂದಿನ ಮಠದ ಧಾಟಿಯೆಂಬುದನ್ನು ಕೇಳಿ ಬರೆದಿಡಬೇಕು. ಪುಟ್ಟರಾಜರ ಕೃತಿವಿಮರ್ಶೆ ಆರಂಭವಾಗಬೇಕಾದುದು ಆ ಪಟ್ಟಿಯಿಂದ.